ಮಾತಿಗೆ ಮೊದಲು ಕೈ: ಪುಟ್ಟ ಮಗುವಿಗೆ ಸನ್ನೆ ಕಲಿಸುವ ಬಗೆ

ಜನವರಿ ತಿಂಗಳು, ಕಾಫಿ ಕೊಯ್ಲಿನ ಸಮಯ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರದ ನಮ್ಮ ಮನೆಯಲ್ಲಿ ಎಲ್ಲರ ಗಮನವೂ ಕಣದ ಮೇಲೆ. 9 ತಿಂಗಳ ಮಗಳಿಗೆ ಅತ್ತೆ ಜಗಲಿಯಲ್ಲಿ ಕೂತು ರಾಗಿ ಸರಿ ತಿನ್ನಿಸುತ್ತಿದ್ದರು. ದಿನಾ ಆಗುವುದೇ ಬೇರೆ. ಅರ್ಧ ಬಟ್ಟಲು ಮುಗಿಯುವ ಹೊತ್ತಿಗೆ ಮುಖ ತಿರುಗಿಸುತ್ತಾಳೆ, ಚಮಚ ತಳ್ಳುತ್ತಾಳೆ, ಆಮೇಲೆ ಕಿರುಚಾಟ. ಅವತ್ತು ಎರಡೂ ಕೈ ಎತ್ತಿ ತಾರಮ್ಮಯ್ಯ ಆಡಿಸಿದಳು. ಅತ್ತೆ ಚಮಚ ಕೆಳಗಿಟ್ಟು ಒಳಗೆ ಕೂಗಿದರು. "ನೋಡು ಬಾರಮ್ಮ ಇಲ್ಲಿ, ಸಾಕು ಅಂತಿದೆ ಮಗು!"

ಅದಕ್ಕೆ ಎರಡು ತಿಂಗಳ ಹಿಂದಿನಿಂದ ನಾನು ಪ್ರತಿ ಊಟ ಮುಗಿದಾಗಲೂ "ಆಯ್ತು, ಸಾಕು" ಅಂತ ಹೇಳಿ ಕೈ ತಿರುಗಿಸಿ ತೋರಿಸುತ್ತಿದ್ದೆ. ಅವಳು ಸುಮ್ನೆ ನೋಡುತ್ತಿದ್ದಳು. ಎಲ್ಲವೂ ಒಳಗೆ ಇಳಿಯುತ್ತಿತ್ತು ಅಂತ ಗೊತ್ತಾಗಿದ್ದು ಅವತ್ತು.

ಮಗುವಿಗೆ ಮಾತು ಅರ್ಥವಾಗುವುದು ಮೊದಲು, ಆಡಲು ಬರುವುದು ಆಮೇಲೆ. 8-9 ತಿಂಗಳಿಗೆ "ಅಪ್ಪ ಎಲ್ಲಿ" ಅಂದರೆ ತಿರುಗಿ ನೋಡುವ ಮಗು "ಅಪ್ಪ" ಅಂತ ತಿಳಿದು ಕರೆಯಲು ಹೆಚ್ಚುಕಡಿಮೆ ಒಂದು ವರ್ಷ ತುಂಬಬೇಕು. ನಾಲಿಗೆ, ತುಟಿ, ಉಸಿರು ಮೂರೂ ಒಟ್ಟಿಗೆ ಹಿಡಿತಕ್ಕೆ ಬರಬೇಕಲ್ವಾ. ಕೈ ಅದಕ್ಕಿಂತ ಬೇಗ ಮಾತು ಕೇಳುತ್ತದೆ. ಈ ನಡುವಿನ ಕೆಲವು ತಿಂಗಳು ಮಗುವಿಗೂ ಕಷ್ಟ, ಮನೆಯವರಿಗೂ ಕಷ್ಟ. ಸನ್ನೆ ಉಪಯೋಗಕ್ಕೆ ಬರುವುದು ಅಲ್ಲಿ.

ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ. ಟಾಟಾ ಮಾಡು, ಜೋತಾ ಮಾಡು, ಚಪ್ಪಾಳೆ ತಟ್ಟು ಅಂತ ಕಲಿಸದ ಅಜ್ಜಿ ಯಾರಿದ್ದಾರೆ? ಆದರೆ ನೆಂಟರು ಬಂದಾಗ ಮಾಡಿಸಿ ನಗುವುದಕ್ಕೆ ಅದು ನಿಂತುಬಿಡುತ್ತದೆ. ನಾವು ಹೇಳಿದಾಗ ಮಗು ಮಾಡುತ್ತದೆ. ಮಗು ತಾನಾಗಿ ಏನೋ ಹೇಳಲು ಕೈ ಎತ್ತಿದಾಗ ನಾವು ಬೇರೆಲ್ಲೋ ನೋಡುತ್ತಿರುತ್ತೇವೆ. ಈ ಲೇಖನದಲ್ಲಿ ನಾನು ಹೇಳಬೇಕಾದ್ದು ಮುಖ್ಯವಾಗಿ ಅದನ್ನೇ. ಸನ್ನೆ ಕಲಿಸುವುದು ಅಂದರೆ ಅರ್ಧ ಕೆಲಸ ಮಗುವಿನ ಕೈ ನೋಡಲು ನಾವು ಕಲಿಯುವುದು.

ಶುರುವಿಗೆ ಮೊದಲು ಕಿವಿ ತೋರಿಸಿ

ಇದನ್ನು ಮೊದಲು ಹೇಳಲು ಕಾರಣ ಇದೆ. ಸನ್ನೆ ಚೆನ್ನಾಗಿ ಮಾಡುವ ಮಗು ಎಲ್ಲರಿಗೂ ಚುರುಕಾಗಿ ಕಾಣುತ್ತದೆ. ಕಿವಿ ಸರಿಯಾಗಿ ಕೇಳದಿದ್ದರೂ ಅದು ತಿಳಿಯದೇ ಹೋಗಬಹುದು. ಹುಟ್ಟಿದ ಮಗುವಿನ ಕಿವಿ ಪರೀಕ್ಷೆ 1 ತಿಂಗಳೊಳಗೆ ಆಗಬೇಕು. ಅನುಮಾನ ಬಂದರೆ 3 ತಿಂಗಳೊಳಗೆ ಖಚಿತವಾಗಬೇಕು. ತೊಂದರೆ ಇದ್ದರೆ 6 ತಿಂಗಳೊಳಗೆ ಅದಕ್ಕೆ ಬೇಕಾದ ನೆರವು ಶುರುವಾಗಬೇಕು. ವೈದ್ಯರು ಇಟ್ಟುಕೊಂಡಿರುವ ಲೆಕ್ಕ ಇದು.

ಒಎಇ ಅನ್ನುವ ಪರೀಕ್ಷೆಯಲ್ಲಿ ಮಗು ಮಲಗಿರುವಾಗ ಕಿವಿಯೊಳಗೆ ಚಿಕ್ಕ ಬಿರಡೆಯಂಥದ್ದು ಇಟ್ಟು ನೋಡುತ್ತಾರೆ. ನೋವಿಲ್ಲ, ಕೆಲವೇ ನಿಮಿಷ ಸಾಕು. ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಇದರ ಫಲಿತಾಂಶ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಅಂಗನವಾಡಿಗೆ ಮಕ್ಕಳನ್ನು ನೋಡಲು ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಹತ್ತಿರವೂ ಹೇಳಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ನಮ್ಮ ಹಾಸನ, ಚಿಕ್ಕಮಗಳೂರಿನವರಿಗೆ ಮೈಸೂರು ದೂರವಲ್ಲ. ಅಲ್ಲಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ.

ಪಾತ್ರೆ ಬಿದ್ದಾಗ ಬೆಚ್ಚಿತು, ಹಾಗಾಗಿ ಕಿವಿ ಚೆನ್ನಾಗಿದೆ ಅಂತ ಮಾತ್ರ ಸುಮ್ಮನಾಗಬೇಡಿ. ದೊಡ್ಡ ಸದ್ದು ಕೇಳಿಸಿ, ಮೆಲ್ಲಗಿನ ಮಾತು ಕೇಳಿಸದ ಮಕ್ಕಳೂ ಇರುತ್ತಾರೆ.

ಯಾವಾಗ ಶುರು ಮಾಡಬೇಕು

6-7 ತಿಂಗಳಿಗೆ ತೋರಿಸಲು ಶುರು ಮಾಡಬಹುದು. ಮಗು ಕೂರಲು ಕಲಿತಿರಬೇಕು, ನಿಮ್ಮ ಮುಖವನ್ನೂ ಕೈಯನ್ನೂ ಗಮನಿಸುತ್ತಿರಬೇಕು. ಸರಿಯಾಗಿ ಅನ್ನ, ಸರಿ ತಿನ್ನಿಸಲು ಶುರು ಮಾಡುವ ಸಮಯವೂ ಅದೇ. ಹಾಗಾಗಿ ಊಟದ ಸನ್ನೆಗಳಿಗೆ ದಿನಕ್ಕೆ ಮೂರು ನಾಲ್ಕು ಅವಕಾಶ ತಾನಾಗಿ ಸಿಗುತ್ತದೆ.

ಮಗು ತಿರುಗಿ ಮಾಡಿ ತೋರಿಸುವುದು ಸಾಮಾನ್ಯವಾಗಿ 8ರಿಂದ 10 ತಿಂಗಳ ನಡುವೆ. ಬೇಗ ಶುರು ಮಾಡಿದರೆ ಜಾಸ್ತಿ ಕಾಯಬೇಕು, 10-11 ತಿಂಗಳಿಗೆ ಶುರು ಮಾಡಿದರೆ ಕಡಿಮೆ ಕಾಯಬೇಕು. ತಡವಾಯಿತು ಅಂತ ಬೇಜಾರಾಗಬೇಡಿ. ವರ್ಷ ತುಂಬಿದ ಮೇಲೂ ಮಾತು ಇನ್ನೂ ಕೂಡಿಬರದ ಮಗುವಿಗೆ ಇದು ಉಪಯೋಗವೇ.

ಮೊದಲಿಗೆ ಮೂರೇ ಸನ್ನೆ

ಒಟ್ಟಿಗೆ ಹತ್ತು ಹದಿನೈದು ಶುರು ಮಾಡಿದರೆ ಮಗುವಿಗಿಂತ ಮೊದಲು ದೊಡ್ಡವರೇ ಮರೆಯುತ್ತಾರೆ. ಮೂರು ಸಾಕು. ಎರಡು ದಿನಬಳಕೆಯವು ಇರಲಿ. ಮೂರನೆಯದು ಮಗುವಿಗೆ ತುಂಬಾ ಇಷ್ಟವಾದದ್ದರ ಸನ್ನೆ ಇರಲಿ. ಈ ಮೂರನೆಯದನ್ನು ಬಿಡಲೇಬೇಡಿ. ಹಸಿವು, ಬಾಯಾರಿಕೆ ಅಳುವುದರಿಂದಲೂ ತಿಳಿಯುತ್ತದೆ. ಫ್ಯಾನು, ಹಸು, ಚಂದ್ರ ಕಂಡ ಖುಷಿಯನ್ನು ಅತ್ತು ಹೇಳಲು ಆಗುವುದಿಲ್ಲ.

ನಾವು ಬಳಸಿದ ಸನ್ನೆಗಳನ್ನು ಹೇಳುತ್ತೇನೆ.

ಸಾಕು ಅಥವಾ ಖಾಲಿ: ತಾರಮ್ಮಯ್ಯ. ಅಂಗೈ ಬಿಚ್ಚಿ, ಎತ್ತಿ, ಮಣಿಕಟ್ಟಿನಲ್ಲಿ ಆ ಕಡೆ ಈ ಕಡೆ ತಿರುಗಿಸುವುದು. ಏನಾದರೂ ಕೇಳಿದಾಗ ಇಲ್ಲ ಅನ್ನಲು ದೊಡ್ಡವರೂ ಇದನ್ನೇ ಮಾಡುತ್ತೇವೆ. ಅಮೆರಿಕದ ಸಂಜ್ಞೆ ಭಾಷೆಯಲ್ಲಿ 'ಮುಗಿಯಿತು' ಅನ್ನುವುದಕ್ಕೂ ಕೈ ಹೀಗೇ ತಿರುಗುತ್ತದೆ ಅಂತ ಆಮೇಲೆ ತಿಳಿದು ನನಗೆ ತುಂಬಾ ಸಂತೋಷವಾಯಿತು.

ಮಮ್ಮು: ಐದು ಬೆರಳು ಕೂಡಿಸಿ ಬಾಯಿಗೆ ಮುಟ್ಟಿಸುವುದು. ಕಲಿಸುವ ಅಗತ್ಯವೇ ಇಲ್ಲ ಅನ್ನುವಷ್ಟು ಸಲೀಸು.

ನೀರು: ಮುಷ್ಟಿ ಹಿಡಿದು, ಹೆಬ್ಬೆರಳು ಬಾಯಿ ಕಡೆ ಮಾಡಿ ಎತ್ತುವುದು. ಹೆಬ್ಬೆರಳನ್ನು ಬೇರೆ ಮಾಡಲು ಪುಟ್ಟ ಮಕ್ಕಳಿಗೆ ಬರುವುದಿಲ್ಲ. ಮುಷ್ಟಿಯನ್ನೇ ಬಾಯಿಗೆ ತಂದರೂ ನೀರು ಅಂತಲೇ ತಿಳಿಯಿರಿ.

ಇನ್ನೂ ಬೇಕು: ಎರಡೂ ಕೈಯ ಬೆರಳು ಕೂಡಿಸಿ ತುದಿಗೆ ತುದಿ ತಟ್ಟುವುದು. ಇದು ಅಮೆರಿಕದ ಕಡೆಯಿಂದ ಬಂದದ್ದು. ಬಹಳ ಮಕ್ಕಳು ಇದನ್ನು ಚಪ್ಪಾಳೆಯಾಗಿ ಮಾಡುತ್ತವೆ, ಕೆಲವು ಒಂದು ಬೆರಳನ್ನು ಇನ್ನೊಂದು ಅಂಗೈಗೆ ಚುಚ್ಚುತ್ತವೆ. ತಿನ್ನುವಾಗ ತಟ್ಟಿದ ಚಪ್ಪಾಳೆ 'ಇನ್ನೂ ಬೇಕು' ಅಂತ ಅರ್ಥ ಮಾಡಿಕೊಂಡರೆ ಆಯಿತು.

ತಾಚಿ: ಅಂಗೈ ಕೆನ್ನೆಗೆ ಒತ್ತಿ ತಲೆ ವಾಲಿಸುವುದು. ಹಸು: ತಲೆಯ ಪಕ್ಕ ಬೆರಳಿನ ಕೊಂಬು. ಮಳೆ: ಬೆರಳು ಆಡಿಸುತ್ತಾ ಕೈ ಕೆಳಗಿಳಿಸುವುದು. ಫ್ಯಾನು: ಒಂದು ಬೆರಳು ಮೇಲೆತ್ತಿ ತಿರುಗಿಸುವುದು.

ಹಾಲಿನ ವಿಷಯದಲ್ಲಿ ನಾನು ಎಡವಿದೆ, ಅದನ್ನು ಹೇಳಿದರೆ ನಿಮಗೆ ಅನುಕೂಲ. ಹಸು ಕರೆಯುವ ಹಾಗೆ ಮುಷ್ಟಿ ಬಿಚ್ಚಿ ಮುಚ್ಚುವುದು ಹಾಲಿನ ಸನ್ನೆ ಅಂತ ಓದಿ ಅದನ್ನೇ ತೋರಿಸಿದೆ. ಕೊಟ್ಟಿಗೆ ಇರುವ ಮನೆಗೆ ಎಷ್ಟು ಹೊಂದುತ್ತದೆ ಅನ್ನಿಸಿತ್ತು. ಆದರೆ ನಮ್ಮ ಮಗಳು ಟಾಟಾ ಮಾಡುವುದೂ ಮುಷ್ಟಿ ಬಿಚ್ಚಿ ಮುಚ್ಚಿಯೇ. ಒಂದು ಸಂಜೆ ಮಾವ ತೋಟಕ್ಕೆ ಹೊರಟಿದ್ದರು. ಅವಳು ಅವರ ಕಡೆ ನೋಡಿ ಹಾಲು ಕೇಳುತ್ತಿದ್ದಳು. ಅವರು ಅಕ್ಕರೆಯಿಂದ ಟಾಟಾ ಮಾಡಿ ಹೋದರು. ಅವಳು ಜೋರಾಗಿ ಅತ್ತಳು. ಮಾರನೆಯ ದಿನವೇ ಹಾಲಿನ ಸನ್ನೆ ಬದಲಿಸಿ, ಎದೆಗೆ ಅಂಗೈ ತಟ್ಟುವುದು ಅಂತ ಮಾಡಿಕೊಂಡೆವು. ಒಂದರಂತೆ ಇನ್ನೊಂದು ಕಾಣುವ ಸನ್ನೆ ಒಂದೇ ಮನೆಯಲ್ಲಿ ಬೇಡ.

ತೋರಿಸುವ ಕ್ರಮ

ಮಗುವಿನ ಎದುರು, ಅದರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಸೊಂಟದ ಮೇಲೆ ಕೂರಿಸಿಕೊಂಡು ತೋರಿಸಿದರೆ ನಿಮ್ಮ ಕೈ ಅದಕ್ಕೆ ಕಾಣುವುದಿಲ್ಲ. ಕೈ ನಿಮ್ಮ ಮುಖದ ಹತ್ತಿರ ಇರಲಿ. ಮಗು ಮೊದಲು ನೋಡುವುದು ಮುಖವನ್ನೇ.

ಮಾತನ್ನು ಬಾಯಿಬಿಟ್ಟು ಹೇಳುತ್ತಲೇ ಸನ್ನೆ ಮಾಡಿ. ಬರೀ ಕೈ ಆಡಿಸಬೇಡಿ. "ನೀರು ಬೇಕಾ, ನೀರು?" ಅನ್ನುತ್ತಾ ಸನ್ನೆ, ಲೋಟ ಹಿಡಿದಾಗ ಇನ್ನೊಮ್ಮೆ, ಕುಡಿದಾದ ಮೇಲೆ ಮತ್ತೊಮ್ಮೆ. ವಸ್ತು ಎದುರಿಗೇ ಇರಬೇಕು. ನೀರು ಕುಡಿದು ಅರ್ಧ ಗಂಟೆ ಆದ ಮೇಲೆ ನೀರಿನ ಪಾಠ ಮಾಡಿದರೆ ಏನೂ ಪ್ರಯೋಜನವಿಲ್ಲ. ಹಾಗೆಯೇ ದಿನದಲ್ಲಿ ಒಂದು ಹೊತ್ತು ಗೊತ್ತು ಮಾಡಿ ಕೂರಿಸಿ ಕಲಿಸುವುದೂ ಬೇಡ. ಊಟ, ಸ್ನಾನ, ಮಲಗಿಸುವುದು, ಅಂಗಳದಲ್ಲಿ ಎತ್ತಿಕೊಂಡು ಸುತ್ತುವುದು, ಇವುಗಳ ಜೊತೆಗೇ ಬರಲಿ.

ಕೇಳಿದ ಮೇಲೆ ಕಾಯಿರಿ. ಇದೇ ಕಷ್ಟದ ಭಾಗ. "ಇನ್ನೂ ಬೇಕಾ?" ಅಂದು ಮನಸ್ಸಿನಲ್ಲೇ ಐದರವರೆಗೆ ನಿಧಾನವಾಗಿ ಎಣಿಸಿ. ನಾವು ದೊಡ್ಡವರು ಒಂದು ಎಣಿಸುವ ಮೊದಲೇ ಚಮಚ ಬಾಯಿಗೆ ಇಟ್ಟುಬಿಡುತ್ತೇವೆ. ಮಗುವಿಗೆ ಕೇಳಿದ್ದು ತಲೆಗೆ ಹೋಗಿ, ಕೈಗೆ ಬರಲು ಸಮಯ ಬೇಕು. ಐದು ಎಣಿಸಿದ ಮೇಲೂ ಏನೂ ಮಾಡದಿದ್ದರೆ ಕೊಟ್ಟುಬಿಡಿ.

ಕೊಡದೇ ಸತಾಯಿಸಬೇಡಿ. "ಸನ್ನೆ ಮಾಡು, ಆಗ ಕೊಡ್ತೀನಿ" ಅನ್ನುವುದು ತಪ್ಪು. ಹಸಿದ ಮಗುವಿನ ಊಟ ಹಿಡಿದಿಟ್ಟು ಕಲಿಸುವ ವಿದ್ಯೆ ಯಾರಿಗೂ ಬೇಡ. ಮಗುವಿನ ಕೈ ಹಿಡಿದು ಒಂದೆರಡು ಸಲ ಮಾಡಿಸಿದರೆ ತೊಂದರೆ ಇಲ್ಲ. ಕೈ ಎಳೆದುಕೊಂಡರೆ ಬಿಟ್ಟುಬಿಡಿ.

ಫೋನಿನಲ್ಲಿ ಸನ್ನೆಯ ವಿಡಿಯೋಗಳು ಬೇಕಾದಷ್ಟಿವೆ. ಅವನ್ನು ನೀವು ನೋಡಿ ಕಲಿಯಿರಿ, ಮಗುವಿನ ಮುಂದೆ ಹಿಡಿಯಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಿಮ್ಮ ಮುಖ ನೋಡಿ ಕಲಿಯುವುದನ್ನು ಪರದೆ ಕಲಿಸಲಾರದು.

ಮಗು ತನ್ನದೇ ರೀತಿಯಲ್ಲಿ ಮಾಡಿದಾಗ

ಮೊದಲ ಸನ್ನೆ ನೀವು ತೋರಿಸಿದ ಹಾಗೆ ಇರುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅದು ಬಂದಿದ್ದೇ ತಿಳಿಯದೆ ಹೋಗುತ್ತದೆ. ನಮ್ಮವಳು ಫ್ಯಾನಿಗೆ ಬೆರಳು ತಿರುಗಿಸುವ ಬದಲು ಇಡೀ ತೋಳು ಆಡಿಸುತ್ತಿದ್ದಳು. ಮೂರು ನಾಲ್ಕು ದಿನ ನಾನು ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆ. ಆಮೇಲೆ ಕಣ್ಣು ಎಲ್ಲಿದೆ ಅಂತ ನೋಡಿದೆ, ಸೀದಾ ಮೇಲೆ. ಕೈ ಏನು ಮಾಡುತ್ತಿದೆ ಅನ್ನುವುದರ ಜೊತೆಗೆ ಕಣ್ಣು ಎಲ್ಲಿ ನೆಟ್ಟಿದೆ ಅಂತಲೂ ನೋಡಿ.

ಗೊತ್ತಾದ ತಕ್ಷಣ ಸ್ಪಂದಿಸಿ. "ಹೌದಮ್ಮ, ಫ್ಯಾನು! ತಿರುಗ್ತಿದೆ ಫ್ಯಾನು!" ಅನ್ನಿ. ನೀವು ಮಾತ್ರ ಸರಿಯಾದ ಸನ್ನೆಯನ್ನೇ ಮಾಡುತ್ತಿರಿ. ಮಗುವಿನದನ್ನು ತಿದ್ದಬೇಡಿ, ಅದರ ಮುದ್ದು ಸನ್ನೆಯನ್ನು ನೀವು ಅನುಕರಿಸಲೂ ಬೇಡಿ.

ಫ್ಯಾನಿನ ಸನ್ನೆ ಆಮೇಲೆ ಎಲ್ಲೆಲ್ಲೋ ಹೋಯಿತು. ದೋಸೆ ಹಿಟ್ಟಿನ ಗ್ರೈಂಡರ್, ಕಾಫಿ ಪಲ್ಪರಿನ ಚಕ್ರ, ಬೈಕಿನ ಗಾಲಿ, ಎಲ್ಲಕ್ಕೂ ಅದೇ ತೋಳು. ತಿರುಗುವುದೆಲ್ಲ ಒಂದೇ ಜಾತಿ ಅಂತ ವರ್ಷ ತುಂಬದ ಮಗು ತಾನಾಗಿ ವಿಂಗಡಿಸಿಕೊಂಡಿತ್ತು. ಮಾತು ಬರುವವರೆಗೆ ಕಾದಿದ್ದರೆ ಈ ಯೋಚನೆ ನನಗೆ ಕಾಣುತ್ತಲೇ ಇರಲಿಲ್ಲ.

ಮಕ್ಕಳು ತಾವೇ ಸನ್ನೆ ಕಟ್ಟುವುದೂ ಉಂಟು. ಇಂಥದ್ದನ್ನು ಕಂಡೇ ಈ ವಿಷಯದ ಅಧ್ಯಯನ ಶುರುವಾಗಿದ್ದು. 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಲಿಂಡಾ ಅಕ್ರೆಡೊಲೊ ತಮ್ಮ ಪುಟ್ಟ ಮಗಳು ಹೂವನ್ನು ಕಂಡಾಗ ಮೂಸುವ ಹಾಗೆ ಮೂಗು ಮಾಡುವುದನ್ನು ಗಮನಿಸಿದರು. ಹೂವಿಗೆ ಅವಳು ಇಟ್ಟ ಹೆಸರು ಅದು. ಮೀನಿಗೆ ಊದುವುದು. ತೊಟ್ಟಿಲ ಮೇಲೆ ತೂಗುಹಾಕಿದ್ದ ಮೀನಿನ ಆಟಿಕೆಯನ್ನು ಮನೆಯವರು ಊದಿ ಆಡಿಸುತ್ತಿದ್ದರಂತೆ. ಆಮೇಲೆ ಅವರು ಸೂಸನ್ ಗುಡ್ವಿನ್ ಅವರ ಜೊತೆ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದರು. ನಿಮ್ಮ ಮಗುವೂ ಹೀಗೆ ಒಂದು ಕಟ್ಟಿದರೆ ಅದನ್ನೇ ಇಟ್ಟುಕೊಳ್ಳಿ, ಬೇರೆ ಕಲಿಸಬೇಡಿ.

ಮನೆಯವರೆಲ್ಲ ಸೇರಬೇಕಾ

ಎಲ್ಲರೂ ಬೇಕಿಲ್ಲ. ಮಗುವಿನ ಜೊತೆ ಜಾಸ್ತಿ ಹೊತ್ತು ಇರುವ ಇಬ್ಬರು ಮೂವರು ಒಂದೇ ಸನ್ನೆ ಬಳಸಿದರೆ ಸಾಕು. ನಮ್ಮಲ್ಲಿ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದೆವು. ಮಗು ಏನು ಮಾಡಿದರೆ ಏನು ಅರ್ಥ ಅಂತ ಅದರಲ್ಲಿ ಬರೆದಿತ್ತು. ಮಗುವನ್ನು ನೋಡಿಕೊಳ್ಳಲು ಯಾರಾದರೂ ಬಂದರೆ, ಅಂಗನವಾಡಿಗೆ ಅಥವಾ ಶಿಶುವಿಹಾರಕ್ಕೆ ಬಿಟ್ಟರೆ ಈ ಹಾಳೆ ತುಂಬಾ ನೆರವಾಗುತ್ತದೆ.

ನಮ್ಮ ಎರಡೂ ಜಿಲ್ಲೆಗಳ ಮಲೆನಾಡಿನ ಕಡೆ ಒಂದೇ ಮನೆಯಲ್ಲಿ, ತೋಟದ ಕೆಲಸದವರ ಸಾಲುಮನೆಗಳ ಒಂದೇ ಲೈನಿನಲ್ಲಿ ಕನ್ನಡ, ತುಳು, ಕೊಂಕಣಿ, ಉರ್ದು, ತಮಿಳು, ಮಲಯಾಳ ಎಲ್ಲ ಕೇಳುತ್ತದೆ. ಎರಡು ಭಾಷೆ ಆಡುವ ಮನೆಯಾದರೆ ಸನ್ನೆ ಒಂದೇ ಇರಲಿ, ಮಾತು ಅವರವರ ಭಾಷೆಯಲ್ಲಿ ಇರಲಿ. ಅಮ್ಮ "ನೀರು" ಅಂದು ಮಾಡುವ ಸನ್ನೆಯನ್ನೇ ಅಜ್ಜಿ "ಪಾನಿ" ಅಂದು ಮಾಡಲಿ. ಎರಡೂ ಮಾತು ಒಂದೇ ವಸ್ತುವಿನದು ಅಂತ ಕೈ ಹೇಳುತ್ತದೆ.

ಮಾತು ತಡವಾಗುತ್ತದೆ ಅನ್ನುವ ಹೆದರಿಕೆ

ಇದನ್ನು ನನಗೂ ಕೇಳಿದರು. ನಮ್ಮ ಪಕ್ಕದ ಮನೆಯ ಹಿರಿಯರು "ಕೈಯಲ್ಲೇ ಕೆಲಸ ಆಗುತ್ತೆ ಅಂದ್ರೆ ಮಗು ಬಾಯಿ ಯಾಕೆ ಬಿಡುತ್ತೆ?" ಅಂದರು. ಪ್ರೀತಿಯಿಂದ ಬಂದ ಪ್ರಶ್ನೆ ಅದು, ನೇರ ಉತ್ತರ ಕೊಡಬೇಕು.

ಮಾತಿನ ಜೊತೆಗೆ ಸನ್ನೆ ಮಾಡಿದರೆ ಮಾತು ತಡವಾಗುವುದಿಲ್ಲ. ಮಕ್ಕಳು ಬೆರಳು ತೋರಿಸಿದ ವಸ್ತುಗಳ ಹೆಸರನ್ನೇ ಆಮೇಲೆ ಬೇಗ ಮಾತಿನಲ್ಲಿ ಕಲಿಯುತ್ತಾರೆ ಅಂತ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡಿತು. ಹಾಗಂತ ಸನ್ನೆ ಕಲಿತ ಮಗು ಎಲ್ಲರಿಗಿಂತ ಮೊದಲೇ ಪಟಪಟ ಮಾತಾಡುತ್ತದೆ, ಬುದ್ಧಿ ಜಾಸ್ತಿಯಾಗುತ್ತದೆ ಅಂತ ದುಡ್ಡು ಕೇಳುವ ಕೋರ್ಸುಗಳನ್ನು ನಂಬಬೇಡಿ. ಇಂಗ್ಲೆಂಡಿನಲ್ಲಿ 40 ಮಕ್ಕಳನ್ನು 8 ತಿಂಗಳಿಂದ 20 ತಿಂಗಳವರೆಗೆ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸನ್ನೆ ಕಲಿತವರಿಗೂ ಕಲಿಯದವರಿಗೂ ಮಾತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸನ್ನೆ ಬಳಸಿದ ತಾಯಂದಿರಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಮಗು ಮಾತಿಲ್ಲದೆ ಹೇಳುವುದನ್ನು ಅವರು ಹೆಚ್ಚು ಗಮನಿಸುತ್ತಿದ್ದರು. ಇದನ್ನು ಓದಿದಾಗ ನನಗೆ ಜಗಲಿಯಲ್ಲಿ ಚಮಚ ಕೆಳಗಿಟ್ಟ ಅತ್ತೆ ನೆನಪಾದರು.

ಆದರೆ ಕೆಲವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 9 ತಿಂಗಳಾದರೂ ಹೆಸರು ಕರೆದರೆ ತಿರುಗದಿದ್ದರೆ, 15 ತಿಂಗಳಾದರೂ ಬೇಕಾದ್ದನ್ನು ಬೆರಳು ತೋರಿಸಿ ಕೇಳದಿದ್ದರೆ, ಒಂದೂವರೆ ವರ್ಷಕ್ಕೆ ಅಮ್ಮ ಅಪ್ಪ ಬಿಟ್ಟು ಎರಡು ಮೂರು ಮಾತನ್ನೂ ಆಡಲು ಪ್ರಯತ್ನಿಸದಿದ್ದರೆ, ಅಥವಾ ಬಂದಿದ್ದ ಮಾತು, ಸನ್ನೆ ಹೊರಟುಹೋದರೆ ಮಕ್ಕಳ ವೈದ್ಯರಿಗೆ ತೋರಿಸಿ. "ಅವರಪ್ಪನಿಗೂ ಮಾತು ತಡವಾಗಿತ್ತು" ಅಂತ ಕಾಯುತ್ತಾ ಕೂರುವುದು ಬೇಡ.

ಸಂಜ್ಞೆ ಭಾಷೆಯೇ ಬೇರೆ

ನಾವು ಮಗುವಿಗೆ ಕಲಿಸುವುದು ಹತ್ತಿಪ್ಪತ್ತು ಸನ್ನೆ ಅಷ್ಟೇ. ಕಿವಿ ಕೇಳದವರು ಆಡುವ ಭಾರತೀಯ ಸಂಜ್ಞೆ ಭಾಷೆ ತನ್ನದೇ ವ್ಯಾಕರಣ ಇರುವ ಪೂರ್ತಿ ಭಾಷೆ. ಅದು ಅಮೆರಿಕದ್ದಕ್ಕಿಂತ ಬೇರೆ. ಇಂಗ್ಲಿಷ್ ಅಕ್ಷರ ತೋರಿಸಲು ಅವರು ಒಂದು ಕೈ ಬಳಸಿದರೆ ಇಲ್ಲಿ ಎರಡು ಕೈ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿತು. 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ಅದರ ವಿಡಿಯೋಗಳು ಪುಕ್ಕಟೆ ಸಿಗುತ್ತವೆ. ಹೊಸ ಸನ್ನೆ ಬೇಕಾದಾಗ ಅಲ್ಲಿ ಹುಡುಕಿ.

ಮಗುವಿಗೆ ಕಿವಿ ಕೇಳುವುದಿಲ್ಲ ಅಂತ ತಿಳಿದರೆ ಹತ್ತು ಸನ್ನೆ ಸಾಲದು. ಆ ಮಗುವಿಗೆ ಪೂರ್ತಿ ಭಾಷೆಯೇ ಬೇಕು, ಬೇಗ ಬೇಕು. ಕಿವಿ ಕೇಳದ, ಸಂಜ್ಞೆ ಭಾಷೆ ನೋಡುತ್ತಾ ಬೆಳೆಯುವ ಪುಟ್ಟ ಮಕ್ಕಳು ಉಳಿದ ಮಕ್ಕಳು ಬಾಯಲ್ಲಿ ತೊದಲುವ ಹಾಗೆ ಕೈಯಲ್ಲಿ ತೊದಲುತ್ತಾರೆ ಅಂತ 1991ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಆ ಮನೆಯವರು ತಜ್ಞರ ಜೊತೆಗೆ, ಸಂಜ್ಞೆ ಭಾಷೆ ಆಡುವ ಹಿರಿಯರನ್ನೂ ಹುಡುಕಿ ಮಾತಾಡಿಸಬೇಕು.

ಮಾತು ಬಂದಾಗ

ಸನ್ನೆಯನ್ನು ನೀವಾಗಿ ನಿಲ್ಲಿಸಬೇಡಿ. ಮಾತು ಬರುವಾಗ ಮೊದಲು ಎರಡೂ ಒಟ್ಟಿಗೆ ಬರುತ್ತದೆ. ನಮ್ಮವಳು 13 ತಿಂಗಳಿಗೆ "ನೀ" ಅನ್ನಲು ಶುರು ಮಾಡಿದಾಗ ಮುಷ್ಟಿಯೂ ಬಾಯಿಗೆ ಹೋಗುತ್ತಿತ್ತು. ಬಾಯಿಂದ ಬಂದದ್ದು ಅರ್ಧ, ಉಳಿದರ್ಧ ಕೈಯಿಂದ. ಕೆಲವು ವಾರಕ್ಕೆ "ನೀಯು" ಆಯಿತು, ಮುಷ್ಟಿ ತಾನಾಗಿ ಇಳಿಯಿತು.

ಜೂನಿನ ಒಂದು ಬೆಳಗಿನ ಜಾವ, ಇನ್ನೂ ಕತ್ತಲೆ. ಶೀಟಿನ ಮೇಲೆ ಮಳೆ ಶುರುವಾಯಿತು. ಅವಳು ಎದ್ದು ಕೂತಿದ್ದಳು. ನಾನು ಮೊಬೈಲಿನ ಬೆಳಕು ಹಾಕಿ ನೋಡಿದರೆ, ತಲೆ ಮೇಲೆತ್ತಿ, ಎರಡೂ ಕೈಯ ಬೆರಳು ಆಡಿಸುತ್ತಾ ನಿಧಾನವಾಗಿ ಕೆಳಗೆ ಇಳಿಸುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ, ಮಳೆ ಬಂತು ಅಂತ ಹೇಳುತ್ತಿದ್ದಳು. ನಾನೂ ಬೆರಳು ಆಡಿಸಿ "ಹೌದು ಕಂದ, ಮಳೆ" ಅಂದೆ. ಅವಳು ಮತ್ತೆ ಮಲಗಿದಳು.